ಸುರಕ್ಷಿತವೆಂದು ಹೇಳಬೇಕಾದವರು ಯಾರು? ಮೂಲನಿವಾಸಿ ಸಮುದಾಯಗಳಲ್ಲಿ ಆತ್ಮಹತ್ಯೆ ತಡೆಯ ತರಬೇತಿ

(ಸಮಾಜಕಾರ್ಯದ ವಿದ್ಯಾರ್ಥಿಗಳು, ಶುಶ್ರೂಷಕಿಯರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತನಾಡುವಾಗ ಸಮಯದ ಅಭಾವದಿಂದ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಆಸ್ಟ್ರೇಲಿಯಾದ ನಡುಭಾಗದ ಒಂದು ಸಣ್ಣ ಪಟ್ಟಣದಲ್ಲಿ ನಾನು ಮಾನಸಿಕ ಆರೋಗ್ಯದ ಶುಶ್ರೂಷಕಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ದೂರದ ನಗರವೊಂದರಿಂದ ಇಬ್ಬರು ತರಬೇತುದಾರರು ಆತ್ಮಹತ್ಯೆ ತಡೆಯ ಬಗ್ಗೆ ಎರಡು ದಿನದ ಶಿಬಿರ ನಡೆಸಲು ಬಂದಿದ್ದರು. ಇಬ್ಬರೂ ಒಳ್ಳೆಯವರು, ವಿಷಯ ಬಲ್ಲವರು. ಮೊದಲ ದಿನ ಬೆಳಿಗ್ಗೆ ಅವರು ಪರದೆಯ ಮೇಲೆ ಒಬ್ಬ ಯುವಕನ ಭಾವಚಿತ್ರ ತೋರಿಸಿ, ಅವನ ಹೆಸರು ಹೇಳಿ, ಅವನು ಈಗಿಲ್ಲವೆಂದು ತಿಳಿಸಿ, ಅವನ ಕಥೆಯಿಂದ ಪಾಠ ಆರಂಭಿಸಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಐದಾರು ಮಂದಿ ಅಬಾರಿಜಿನಲ್ (ಆಸ್ಟ್ರೇಲಿಯಾದ ಮೂಲನಿವಾಸಿ) ಮಹಿಳೆಯರು ಒಬ್ಬರ ಹಿಂದೊಬ್ಬರಂತೆ ಸದ್ದಿಲ್ಲದೆ ಎದ್ದು ಹೊರಗೆ ಹೋದರು. ಅವರು ಮಧ್ಯಾಹ್ನವೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಆಮೇಲೆ ತಯಾರಾದ ವರದಿಯಲ್ಲಿ ಸಮುದಾಯದ ಆಸಕ್ತಿ ಕಡಿಮೆಯಿತ್ತು ಎಂದು ಬರೆಯಲಾಗಿತ್ತು. ಆ ವರದಿಗೆ ನಾನೂ ಸಹಿ ಹಾಕಿದ್ದೆ.

ಅಂದು ನಡೆದದ್ದೇನೆಂದು ನನಗೆ ತಿಳಿದದ್ದು ಹಲವು ತಿಂಗಳ ನಂತರ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಅರೆರ್ಂಟೆ ಸಮುದಾಯದ ಹಿರಿಯ ಮಹಿಳೆಯೊಬ್ಬರಿಂದ. ಆ ಭಾಗದ ಅನೇಕ ಸಮುದಾಯಗಳಲ್ಲಿ ತೀರಿಕೊಂಡವರ ಹೆಸರನ್ನು ಬಹಳ ಕಾಲ ಉಚ್ಚರಿಸುವುದಿಲ್ಲ, ಅವರ ಚಿತ್ರಗಳನ್ನು ಕಣ್ಣಿಗೆ ಬೀಳದಂತೆ ಎತ್ತಿಡುತ್ತಾರೆ. ಅದೇ ಹೆಸರಿನವರು ಊರಲ್ಲಿ ಇನ್ನೊಬ್ಬರಿದ್ದರೆ ಅವರನ್ನೂ ‘ಕುಮಂಜಾಯಿ’ ಎಂಬಂಥ ಬದಲಿ ಹೆಸರಿನಿಂದಲೇ ಕರೆಯುತ್ತಾರೆ. ಸಾವಿನ ನಂತರದ ಶೋಕದ ದಿನಗಳಿಗೆ, ಆ ದಿನಗಳಲ್ಲಿ ಬಂಧುಗಳು ಮಾಡಲೇಬೇಕಾದ ಕರ್ತವ್ಯಗಳಿಗೆ, ಅಲ್ಲಿನ ಇಂಗ್ಲಿಷಿನಲ್ಲಿ ‘ಸಾರಿ ಬಿಸಿನೆಸ್’ ಎನ್ನುತ್ತಾರೆ. ಪರದೆಯ ಮೇಲೆ ಕಂಡ ಯುವಕ ಅವರಿಗೆ ಅಪರಿಚಿತನೇ ಇರಬಹುದು. ಆದರೆ ಅವನ ಹೆಸರಿನವರೇ ಆದ ಬಂಧುವೊಬ್ಬರನ್ನು ಆ ಮಹಿಳೆಯರಲ್ಲಿ ಇಬ್ಬರು ಅದೇ ಋತುವಿನಲ್ಲಿ ಕಳೆದುಕೊಂಡಿದ್ದರು. ಆತ್ಮಹತ್ಯೆಯನ್ನು ತಡೆಯಲೆಂದು ಕರೆದ ಕೋಣೆಯಲ್ಲಿ ಅವರು ಮಾಡಬಾರದ ಕೆಲಸವೊಂದರಲ್ಲಿ ಪಾಲುಗೊಳ್ಳಬೇಕಾಗಿ ಬಂದಿತ್ತು. ಎದ್ದು ಹೋಗುವುದೇ ಅವರಿಗೆ ಉಳಿದಿದ್ದ ಗೌರವದ ದಾರಿ.

ಇಂದು ನಾನು ಮಾತನಾಡಲು ಬಂದಿರುವ ‘ಸಾಂಸ್ಕೃತಿಕ ಸುರಕ್ಷತೆ’ ಎಂಬ ಪರಿಕಲ್ಪನೆ ಇಂಥ ಕೋಣೆಗಳಿಂದಲೇ ಹುಟ್ಟಿದ್ದು. 1988ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ನರ್ಸಿಂಗ್ ವಿದ್ಯಾರ್ಥಿಗಳ ಶಿಕ್ಷಣ ಕುರಿತು ಒಂದು ಸಭೆ ಸೇರಿತ್ತು. ಕಾನೂನಿನ ದೃಷ್ಟಿಯಿಂದ ಸುರಕ್ಷಿತವಾಗಿರಬೇಕು, ಚಿಕಿತ್ಸೆಯ ದೃಷ್ಟಿಯಿಂದ ಸುರಕ್ಷಿತವಾಗಿರಬೇಕು ಎಂದು ನಮಗೆ ಕಲಿಸುತ್ತೀರಿ, ನಮ್ಮ ಸಂಸ್ಕೃತಿಯ ಸುರಕ್ಷತೆಯ ಮಾತೇನು ಎಂದು ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಕೇಳಿದಳು. ಆ ಪ್ರಶ್ನೆಯನ್ನು ಎತ್ತಿಕೊಂಡು ಶಾಸ್ತ್ರವಾಗಿ ಬೆಳೆಸಿದವರು ಮಾವೊರಿ ಶುಶ್ರೂಷಕಿ ಇರಿಹಪೆಟಿ ರಾಮ್ಸ್‌ಡೆನ್. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಶಿಕ್ಷಣದ ಅಂಗವಾಗಿಸಿತು. ಪತ್ರಿಕೆಗಳಲ್ಲಿ ದೊಡ್ಡ ವಿರೋಧವೂ ಎದ್ದಿತು.

ರಾಮ್ಸ್‌ಡೆನ್ ಹೇಳಿದ್ದನ್ನು ಬಹಳ ಮಂದಿ ತಪ್ಪಾಗಿ ತಿಳಿದಿದ್ದಾರೆ. ಎದುರಿನವರ ಹಬ್ಬ, ಉಡುಗೆ, ಊಟ, ನಂಬಿಕೆಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಕೊಳ್ಳುವುದು ಸಾಂಸ್ಕೃತಿಕ ಸುರಕ್ಷತೆಯಲ್ಲ. ಸೇವೆ ಕೊಡುವವಳು ಮೊದಲು ತನ್ನ ಕೈಯಲ್ಲಿ ಎಷ್ಟು ಅಧಿಕಾರವಿದೆ, ತಾನು ಯಾವ ಸಂಸ್ಥೆಯ ಹೆಸರಿನಲ್ಲಿ ಬಾಗಿಲು ತಟ್ಟುತ್ತಿದ್ದೇನೆ, ಆ ಸಂಸ್ಥೆ ಈ ಮನೆಗೆ ಹಿಂದೆ ಏನು ಮಾಡಿದೆ ಎಂಬುದನ್ನು ನೋಡಿಕೊಳ್ಳಬೇಕು. ಆ ಸೇವೆ ಸುರಕ್ಷಿತವಾಗಿತ್ತೋ ಇಲ್ಲವೋ ಎಂದು ತೀರ್ಮಾನಿಸುವ ಹಕ್ಕು ಪಡೆದವರದು, ಕೊಟ್ಟವರದಲ್ಲ. ತರಬೇತಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ತರಬೇತಿ ಸಾಂಸ್ಕೃತಿಕವಾಗಿ ಸುರಕ್ಷಿತವಾಗಿದೆ ಎಂದು ನಡೆಸುವವರು ಕರಪತ್ರದಲ್ಲಿ ಅಚ್ಚು ಹಾಕಿಸಿಕೊಂಡರೆ ಅದಕ್ಕೆ ಬೆಲೆಯಿಲ್ಲ. ಎದ್ದು ಹೋದ ಮಹಿಳೆಯರು ಅದನ್ನು ಹೇಳಬೇಕು.

ಇದು ಆತ್ಮಹತ್ಯೆಯ ವಿಷಯದಲ್ಲಿ ಏಕೆ ಇಷ್ಟು ಮುಖ್ಯವಾಗುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. ಬ್ರಿಟಿಷರು 1788ರಲ್ಲಿ ಆಸ್ಟ್ರೇಲಿಯಾದಲ್ಲಿ ನೆಲೆಯೂರಿದಾಗ ಅಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಜನರನ್ನು ಅವರ ನೆಲದಿಂದ ಎಬ್ಬಿಸಿದ್ದರ ಜೊತೆಗೆ, ಇಪ್ಪತ್ತನೆಯ ಶತಮಾನದಲ್ಲಿ ಸುಮಾರು 1910ರಿಂದ 1970ರವರೆಗೆ ಸರ್ಕಾರ ಮತ್ತು ಚರ್ಚಿನ ಸಂಸ್ಥೆಗಳು ಅಬಾರಿಜಿನಲ್ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಒಯ್ದವು. 1997ರ ರಾಷ್ಟ್ರೀಯ ವಿಚಾರಣೆಯ ವರದಿ ಅಂದಾಜು ಮಾಡಿದಂತೆ, ಆ ಅವಧಿಯಲ್ಲಿ ಪ್ರದೇಶಕ್ಕೆ ತಕ್ಕಂತೆ ಹತ್ತು ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಲ್ಲಿ ಒಂದರವರೆಗೆ ಹೀಗೆ ಕಳೆದುಹೋದವು. ಸಂಸತ್ತಿನಲ್ಲಿ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ಅದಕ್ಕೂ ಮೊದಲು, ಬಂಧನದಲ್ಲಿ ಸಂಭವಿಸಿದ ಅಬಾರಿಜಿನಲ್ ಜನರ ಸಾವುಗಳ ಬಗ್ಗೆ ವಿಚಾರಣೆ ನಡೆಸಿದ ರಾಯಲ್ ಕಮಿಷನ್ 1991ರಲ್ಲಿ 339 ಶಿಫಾರಸುಗಳ ವರದಿ ಕೊಟ್ಟಿತ್ತು. ಅದು ಪರಿಶೀಲಿಸಿದ 99 ಸಾವುಗಳಲ್ಲಿ 43 ಮಂದಿ ಬಾಲ್ಯದಲ್ಲಿ ಕುಟುಂಬದಿಂದ ಬೇರ್ಪಟ್ಟಿದ್ದವರು. ಈ ಒಂದು ಅಂಕಿಯನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ.

ಅಬಾರಿಜಿನಲ್ ಸಮುದಾಯಗಳಲ್ಲಿ ಆತ್ಮಹತ್ಯೆ ಹಿಂದಿನಿಂದ ಬಂದ ಪಿಡುಗಲ್ಲ. ಅದು ಹೆಚ್ಚಿದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ. ಇಂದು ಅಬಾರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪಗಳ ಜನರಲ್ಲಿ ಆತ್ಮಹತ್ಯೆಯ ಪ್ರಮಾಣ ದೇಶದ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚಿದೆ. ತೀರಿಕೊಳ್ಳುವವರಲ್ಲಿ ಎಳೆಯರ ಪಾಲು ದೊಡ್ಡದು. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದ 13 ಮಂದಿ ಮಕ್ಕಳು ಮತ್ತು ಯುವಜನರ ಸಾವಿನ ವಿಚಾರಣೆಯ ವರದಿ 2019ರ ಫೆಬ್ರವರಿಯಲ್ಲಿ ಹೊರಬಂದಾಗ, ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಆಘಾತದ ಭಾರವನ್ನು ಅದು ಸ್ಪಷ್ಟವಾಗಿ ಗುರುತಿಸಿತು. ಹಾಗಾಗಿ ಇವರ ಸಂಸ್ಕೃತಿಯಲ್ಲಿಯೇ ಏನೋ ಕೊರತೆಯಿದೆ ಎಂಬ ಭಾವನೆಯನ್ನು ತರಬೇತಿಗೆ ಬರುವವರು ಬಾಗಿಲ ಹೊರಗೇ ಬಿಟ್ಟು ಬರಬೇಕು.

ಈಗ ಸಾಮಾನ್ಯವಾದ ಒಂದು ತರಬೇತಿಯ ಸೂಚನೆಯನ್ನು ಗಮನಿಸಿ. ಯಾರಾದರೂ ಸಾಯುವ ಮಾತನ್ನಾಡಿದರೆ ತಕ್ಷಣ ತುರ್ತು ಸೇವೆಗೆ, ಇಲ್ಲವೇ ಪೊಲೀಸರಿಗೆ ಕರೆ ಮಾಡಿ ಎನ್ನುತ್ತದೆ ಆ ಸೂಚನೆ. ಬೆಂಗಳೂರಿನ ಬಡಾವಣೆಯ ಮಧ್ಯಮವರ್ಗದ ಮನೆಗೆ ಅದು ಸರಿ ಎನ್ನಿಸಬಹುದು. ಆದರೆ ತನ್ನ ಅಜ್ಜಿಯನ್ನು ಒಯ್ದ ಗಾಡಿ, ತನ್ನ ಅಣ್ಣನನ್ನು ಒಯ್ದ ಗಾಡಿ, ಈಗ ತನ್ನ ತಂಗಿಯ ಸಹಾಯಕ್ಕೆಂದು ಬರುವ ಗಾಡಿ, ಮೂರೂ ಒಂದೇ ಲಾಂಛನದವು ಎಂದು ಬಲ್ಲ ಹೆಣ್ಣುಮಗಳಿಗೆ ಅದೇ ಸೂಚನೆ ಹೇಗೆ ಕೇಳಿಸೀತು? ಅವಳು ಕರೆ ಮಾಡದೆ ಉಳಿದರೆ ಅದು ಅಜ್ಞಾನವಲ್ಲ. ಕರೆ ಮಾಡಿದರೆ ಆ ಮನೆಯ ಮಕ್ಕಳಿಗೆ ಏನಾದೀತು ಎಂಬ ಲೆಕ್ಕಾಚಾರ ಅವಳ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ. ಸುರಕ್ಷಿತ ತರಬೇತಿಯು ಈ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲು ಜಾಗ ಕೊಡುತ್ತದೆ. ಪೊಲೀಸರಿಗಿಂತ ಮೊದಲು ಯಾರನ್ನು ಕರೆಯಬಹುದು, ಯಾವ ಚಿಕ್ಕಮ್ಮ, ಯಾವ ಹಿರಿಯರು, ಆರೋಗ್ಯ ಕೇಂದ್ರದ ಯಾವ ಕಾರ್ಯಕರ್ತರು ಎಂಬುದನ್ನು ಆ ಊರಿನವರೇ ಅಲ್ಲೇ ಕುಳಿತು ಬರೆದುಕೊಳ್ಳುತ್ತಾರೆ. ಜೀವಕ್ಕೆ ತಕ್ಷಣದ ಅಪಾಯವಿದ್ದಾಗ ಆಂಬ್ಯುಲೆನ್ಸ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕರೆಯ ನಂತರ ರೋಗಿಯ ಜೊತೆ ಯಾರು ಹೋಗುತ್ತಾರೆ ಎಂಬುದೂ ತರಬೇತಿಯ ಭಾಗವಾಗಬೇಕು.

ಹೊರಗಿನಿಂದ ತಂದ ತರಬೇತಿಯಿಂದ ಲಾಭವಾಗದೆ ಹೋಗಬಹುದು, ಹಾನಿಯೇನೂ ಆಗದು ಎಂದು ನಾವು ಬಹಳ ಕಾಲ ನಂಬಿದ್ದೆವು. ಆ ನಂಬಿಕೆಯನ್ನು ಅಲುಗಾಡಿಸಿದ ಒಂದು ಅಧ್ಯಯನ ಕೆನಡಾದ ಮ್ಯಾನಿಟೋಬ ಪ್ರಾಂತ್ಯದಿಂದ 2013ರಲ್ಲಿ ಪ್ರಕಟವಾಯಿತು. ಜಗತ್ತಿನಾದ್ಯಂತ ಬಳಕೆಯಲ್ಲಿರುವ, ಎರಡು ದಿನಗಳ ಹೆಸರಾಂತ ಗೇಟ್‌ಕೀಪರ್ ತರಬೇತಿಯನ್ನು ಅಲ್ಲಿನ ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯದವರಿಗೆ ಕೊಟ್ಟು ನೋಡಿದರು. ಗೇಟ್‌ಕೀಪರ್ ಎಂದರೆ ಶಿಕ್ಷಕರು, ಅಂಗಡಿಯವರು, ನೆರೆಮನೆಯವರು, ಹೀಗೆ ಸಂಕಟದಲ್ಲಿರುವವರನ್ನು ಮೊದಲು ಕಾಣುವ ಸಾಮಾನ್ಯ ಜನ. ಒಟ್ಟು 55 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆ ತರಬೇತಿಯನ್ನೂ ಇನ್ನೊಂದಕ್ಕೆ ಮನೋಸ್ಥೈರ್ಯ ಹೆಚ್ಚಿಸುವ ಎರಡು ದಿನಗಳ ಶಿಬಿರವನ್ನೂ ಏರ್ಪಡಿಸಿದರು. ತರಬೇತಿ ಪಡೆದವರ ಕೌಶಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಕಳವಳದ ಸಂಗತಿಯೆಂದರೆ, ಅವರಲ್ಲಿ ಕೆಲವರು ತಮಗೇ ಸಾಯುವ ಯೋಚನೆಗಳು ಹೆಚ್ಚಿದವೆಂದು ಹೇಳುವ ಒಲವು ಕಂಡುಬಂತು. ಅಧ್ಯಯನ ಚಿಕ್ಕದು, ಅದರಿಂದ ದೊಡ್ಡ ತೀರ್ಮಾನಕ್ಕೆ ಹಾರಬಾರದು. ಬೇರೆ ಕಡೆಗಳಲ್ಲಿ ಇಂಥ ತರಬೇತಿಗಳಿಂದ ಪ್ರಯೋಜನವಾದದ್ದೂ ಉಂಟು. ಆದರೂ ಕೋಣೆಯಲ್ಲಿ ಕುಳಿತವರನ್ನು ಕೇವಲ ಸಹಾಯ ಮಾಡುವವರು ಎಂದು ಭಾವಿಸಿದ ತರಬೇತಿ, ಅವರಲ್ಲಿ ಪ್ರತಿಯೊಬ್ಬರೂ ಸಾವು ಕಂಡ ಮನೆಯಿಂದ ಬಂದವರು ಎಂಬುದನ್ನು ಮರೆತರೆ ಏನಾದೀತೆಂದು ಈ ಅಧ್ಯಯನ ನನಗೆ ತೋರಿಸಿತು. ಮುನ್ನೂರು ಜನರ ಊರಿನಲ್ಲಿ ಶೋಕಕ್ಕೆ ಹೊರತಾದವರು ಯಾರೂ ಇರುವುದಿಲ್ಲ.

ಹಾಗಾದರೆ ಬೇರೆ ರೀತಿಯ ತರಬೇತಿ ಹೇಗಿರುತ್ತದೆ? ಆಸ್ಟ್ರೇಲಿಯಾದಲ್ಲಿ 2000ನೇ ಇಸವಿಯಲ್ಲಿ ಆರಂಭವಾದ ‘ಮಾನಸಿಕ ಆರೋಗ್ಯದ ಪ್ರಥಮ ಚಿಕಿತ್ಸೆ’ ಎಂಬ ಕಾರ್ಯಕ್ರಮ ಇಂದು ಅನೇಕ ದೇಶಗಳಿಗೆ ಹಬ್ಬಿದೆ. ಅದರ ಅಬಾರಿಜಿನಲ್ ಆವೃತ್ತಿಯನ್ನು ಸಿದ್ಧಪಡಿಸುವಾಗ ಬರೀ ಚಿತ್ರಗಳನ್ನು ಬದಲಾಯಿಸಿ ಕೈತೊಳೆದುಕೊಳ್ಳಲಿಲ್ಲ. ಸಾಯುವ ಯೋಚನೆಯಲ್ಲಿರುವ ಅಬಾರಿಜಿನಲ್ ವ್ಯಕ್ತಿಗೆ ಹೇಗೆ ನೆರವಾಗಬೇಕು ಎಂಬ ಸೂಚನೆಗಳನ್ನು ಮಾನಸಿಕ ಆರೋಗ್ಯ ಕ್ಷೇತ್ರದ ಅಬಾರಿಜಿನಲ್ ತಜ್ಞರ ಮುಂದಿಟ್ಟು, ಸುತ್ತು ಸುತ್ತಾಗಿ ಅಭಿಪ್ರಾಯ ಪಡೆದು, ಅವರಲ್ಲಿ ಬಹುತೇಕ ಎಲ್ಲರ ಒಪ್ಪಿಗೆ ದೊರೆತ ಸೂಚನೆಗಳನ್ನು ಮಾತ್ರ ಉಳಿಸಿಕೊಂಡರು. ಆ ತರಬೇತಿ ಕೊಡುವವರೂ ಅದೇ ಜನಸಮುದಾಯಗಳವರಾಗಿರಬೇಕು ಎಂಬ ನಿಯಮವಿದೆ. 2016ರಲ್ಲಿ ಪ್ರಕಟವಾದ, ಕಿಂಬರ್ಲಿಯ ಬಾರ್ಡಿ ಸಮುದಾಯದ ಮನಶ್ಶಾಸ್ತ್ರಜ್ಞೆ ಪ್ಯಾಟ್ ಡಡ್ಜನ್ ಅವರ ನೇತೃತ್ವದ ರಾಷ್ಟ್ರೀಯ ಅವಲೋಕನವೂ ಫಲ ಕೊಟ್ಟ ಕಾರ್ಯಕ್ರಮಗಳನ್ನೆಲ್ಲ ಪರಿಶೀಲಿಸಿ, ಅವು ಸಮುದಾಯದ ಒಡೆತನದಲ್ಲಿರಬೇಕಾದ ಅಗತ್ಯವನ್ನು ಒತ್ತಿ ಹೇಳಿತು. ಒಡೆತನ ಎಂಬ ಮಾತನ್ನು ಗಮನಿಸಿ. ಸಹಭಾಗಿತ್ವ, ಸಮಾಲೋಚನೆ ಎಂಬ ಪದಗಳು ನಮಗೆಲ್ಲ ರೂಢಿಯಾಗಿವೆ. ಒಡೆತನವೆಂದರೆ ಹಣ ಯಾರ ಖಾತೆಗೆ ಬರುತ್ತದೆ, ತರಬೇತಿ ಯಾವಾಗ ನಡೆಯಬೇಕು, ಬೇಡವೆಂದರೆ ನಿಲ್ಲಿಸುವವರು ಯಾರು ಎಂಬ ಪ್ರಶ್ನೆಗಳು. ಊರಿನಲ್ಲಿ ಸಾವಾಗಿದೆ, ಈ ತಿಂಗಳು ಬೇಡ ಎಂದು ಹಿರಿಯರು ಹೇಳಿದಾಗ ಆರ್ಥಿಕ ವರ್ಷ ಮುಗಿಯುತ್ತದೆ ಎಂಬ ಕಾರಣಕ್ಕೆ ಶಿಬಿರ ನಡೆಸಿದವರನ್ನು ನಾನು ಕಂಡಿದ್ದೇನೆ. ಅಲ್ಲಿ ಒಡೆತನ ಇರಲಿಲ್ಲ.

ಭಾಷೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಕಣ್ಣು ತೆರೆಸಿದ್ದು ಅದು. ಮಧ್ಯ ಆಸ್ಟ್ರೇಲಿಯಾದ ಮರುಭೂಮಿಯ ಎರಡು ರಾಜ್ಯಗಳು ಮತ್ತು ನಾರ್ದರ್ನ್ ಟೆರಿಟರಿಯ ಗಡಿ ಸೇರುವಲ್ಲಿ ಪಿಚಂಚಾಚರ, ಙಾನ್ಯಚರ, ಯಂಕುನಿಚಾಚರ ಭಾಷೆಗಳನ್ನಾಡುವ ಮಹಿಳೆಯರು 1980ರಲ್ಲಿ ಕಟ್ಟಿಕೊಂಡ ಒಂದು ಮಹಿಳಾ ಪರಿಷತ್ತು ಇದೆ. ‘ಙಂಕರಿ’ ಎಂದು ಕರೆಯುವ ತಮ್ಮ ಪರಂಪರೆಯ ಚಿಕಿತ್ಸಕರನ್ನು ಅವರು ಸಂಬಳ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. 2012ರಲ್ಲಿ ಅವರು ‘ಉತಿ ಕುಲಿಂಜಕು’ ಎಂಬ ಕೆಲಸ ಆರಂಭಿಸಿದರು. ಸ್ಪಷ್ಟವಾಗಿ ಕೇಳಿ ಅರ್ಥಮಾಡಿಕೊಳ್ಳುವುದು ಎಂದು ಅದರ ಅರ್ಥ. ಹಿರಿಯ ಮಹಿಳೆಯರು, ಙಂಕರಿಗಳು, ಅನುವಾದಕರು ಮತ್ತು ಮನೋವೈದ್ಯರು ವರ್ಷಗಟ್ಟಲೆ ಒಟ್ಟಿಗೆ ಕುಳಿತು, ಆಘಾತ, ಖಿನ್ನತೆ, ಆತಂಕ ಎಂಬ ವೈದ್ಯರ ಪದಗಳಿಗೆ ತಮ್ಮಲ್ಲಿ ಏನೆನ್ನುತ್ತಾರೆ, ತಮ್ಮ ಪದಗಳಿಗೆ ವೈದ್ಯರಲ್ಲಿ ಏನಿದೆ ಎಂದು ಹುಡುಕಿದರು. ಭಾವನೆಗಳನ್ನು ಹೇಳುವ ತಮ್ಮ ಪದಗಳನ್ನು ಚಿತ್ರಗಳೊಂದಿಗೆ ಒಂದು ನಕ್ಷೆಯಾಗಿ ಅಚ್ಚು ಮಾಡಿಸಿದರು. ಹೇಳಲು ಮಾತಿಲ್ಲದ ಹುಡುಗನಿಗೆ ಬೆರಳಿಟ್ಟು ತೋರಿಸಲು ಒಂದು ಪದ ಸಿಕ್ಕಿತು.

‘ಕುಲಿನಿ’ ಎಂಬ ಅವರ ಕ್ರಿಯಾಪದಕ್ಕೆ ಕಿವಿಗೊಡು, ಯೋಚಿಸು, ತಿಳಿ ಎಂಬ ಎಲ್ಲ ಅರ್ಥಗಳೂ ಇವೆ. ಅದನ್ನು ಕಲಿತ ದಿನ ನನಗೆ ನಮ್ಮ ‘ಕೇಳು’ ನೆನಪಾಯಿತು. ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ ಕೇಳು ಎನ್ನುತ್ತೇವೆ, ಕಿವಿಗೊಡುವುದಕ್ಕೂ ಕೇಳು ಎನ್ನುತ್ತೇವೆ. ಆತ್ಮಹತ್ಯೆ ತಡೆಯ ಎಲ್ಲ ತರಬೇತಿಗಳ ನಡುಗಂಬವೂ ಇದೇ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬೇಕು, ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ ಎಂದು ನಾವು ಕಲಿಸುತ್ತೇವೆ. ಇದು ಸರಿಯೇ. ಆದರೆ ಯಾರು, ಯಾರನ್ನು, ಯಾವ ಹೊತ್ತಿನಲ್ಲಿ ಕೇಳಬೇಕು ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಕೆಲವು ಬಂಧುಗಳ ನಡುವೆ ನೇರ ಮಾತೇ ಇರಬಾರದು ಎಂಬ ಕಟ್ಟುಪಾಡು ಅಲ್ಲಿದೆ. ಅಳಿಯನನ್ನು ಅತ್ತೆ ಈ ಪ್ರಶ್ನೆ ಕೇಳಲಾರಳು. ಹೆಂಗಸರ ಸಂಗತಿಗಳನ್ನು ಗಂಡಸಿನ ಮುಂದೆ, ಗಂಡಸರ ಸಂಗತಿಗಳನ್ನು ಹೆಂಗಸಿನ ಮುಂದೆ ಆಡುವುದಿಲ್ಲ. ಇದಲ್ಲದೆ ಅಧಿಕಾರದಲ್ಲಿರುವವರು ಹೌದೋ ಅಲ್ಲವೋ ಎಂದು ಒತ್ತಿ ಕೇಳಿದಾಗ, ಮಾತು ಬೇಗ ಮುಗಿಯಲೆಂದು ಹೌದು ಎಂದುಬಿಡುವ ರೂಢಿಯನ್ನು ಭಾಷಾವಿಜ್ಞಾನಿ ಡಯಾನ ಈಡ್ಸ್ ಅಬಾರಿಜಿನಲ್ ಇಂಗ್ಲಿಷಿನ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ಅವರು ಕೆಲಸ ಮಾಡಿದ್ದು ಮುಖ್ಯವಾಗಿ ನ್ಯಾಯಾಲಯ ಮತ್ತು ಪೊಲೀಸ್ ವಿಚಾರಣೆಗಳ ಸಂದರ್ಭದಲ್ಲಿ, ಆದರೆ ಆಸ್ಪತ್ರೆಯ ಪ್ರಶ್ನಾವಳಿ ಅದಕ್ಕಿಂತ ಬಹಳ ಬೇರೆಯೇನಲ್ಲ. ನಮ್ಮ ಕಾಗದದ ಮೇಲೆ ಟಿಕ್ ಗುರುತು ಬೀಳುತ್ತದೆ, ಎದುರಿಗಿದ್ದವರ ಬಗ್ಗೆ ನಮಗೇನೂ ತಿಳಿದಿರುವುದಿಲ್ಲ.

ನನಗೆ ಕಲಿಸಿದ ಆ ಹಿರಿಯ ಮಹಿಳೆ ಎಂದೂ ಪ್ರಶ್ನೆಯಿಂದ ಆರಂಭಿಸುತ್ತಿರಲಿಲ್ಲ. ಮನೆಯ ಹೊರಗೆ ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದರು, ಎದುರಿಗಲ್ಲ, ಪಕ್ಕದಲ್ಲಿ. ತಾನು ಯಾರು, ತನ್ನ ನೆಲ ಯಾವುದು, ಈ ಮನೆಗೆ ತಾನು ಏನಾಗಬೇಕು ಎಂಬುದನ್ನು ಮೊದಲು ಹೇಳುತ್ತಿದ್ದರು. ನಮ್ಮ ಅಜ್ಜಿ ಹೊಸಬರನ್ನು ಕಂಡರೆ ನೀನು ಯಾರ ಮನೆ ಮಗಳವ್ವ ಎಂದು ವಿಚಾರಿಸುತ್ತಿದ್ದಳಲ್ಲ, ಹಾಗೆಯೇ ಅಲ್ಲಿನವರೂ ನನ್ನನ್ನು ವಿಚಾರಿಸಿದರು. ಹಾಸನದ ಕಡೆಯವಳು, ಹೇಮಾವತಿ ನಮ್ಮ ಹೊಳೆ, ಅಣೆಕಟ್ಟಿಗಾಗಿ ನಮ್ಮ ಕಡೆಯೂ ಊರುಗಳು ಮುಳುಗಿದವು ಎಂದು ಹೇಳಿದ ಮೇಲೆ ನನ್ನ ಜೊತೆ ಮಾತು ಆರಂಭವಾಯಿತು. ಅಲ್ಲಿಯವರೆಗೆ ನಾನು ಒಂದು ಗುರುತಿನ ಚೀಟಿ ಮಾತ್ರವಾಗಿದ್ದೆ. ನಂತರದ ಮೌನ ಹತ್ತು ನಿಮಿಷವಾದರೂ ಅವರು ಅದನ್ನು ತುಂಬಲು ಹೋಗುತ್ತಿರಲಿಲ್ಲ. ಡೇಲಿ ನದಿಯ ತೀರದ ಹಿರಿಯರಾದ ಮಿರಿಯಂ-ರೋಸ್ ಉಂಗುನ್ಮೆರ್-ಬೌಮನ್ ಅವರು ‘ದದಿರಿ’ ಎಂಬ ತಮ್ಮ ಭಾಷೆಯ ಪದವನ್ನು ಹೊರಜಗತ್ತಿಗೆ ಪರಿಚಯಿಸಿದ್ದಾರೆ. ಒಳಗಿನಿಂದ ಆಲಿಸುವುದು, ಅವಸರವಿಲ್ಲದ ಸ್ತಬ್ಧ ಎಚ್ಚರ ಎಂಬ ಅರ್ಥ ಅದಕ್ಕಿದೆ. ಎರಡು ದಿನದ ಶಿಬಿರದಲ್ಲಿ ಅದನ್ನು ಕಲಿಸಲು ಸಾಧ್ಯವೋ ಎಂದರೆ, ಅದಕ್ಕೆ ಅಡ್ಡಿಯಾಗುವ ನಮ್ಮ ಅಭ್ಯಾಸಗಳನ್ನಾದರೂ ತೋರಿಸಿಕೊಡಬಹುದು ಎಂದು ನನ್ನ ಅನುಭವ.

ಪದಗಳ ಮಾತು ಬಂದದ್ದರಿಂದ ನಮ್ಮದನ್ನೂ ನೋಡಿಕೊಳ್ಳೋಣ. ಕನ್ನಡ ಪತ್ರಿಕೆಗಳು ‘ಆತ್ಮಹತ್ಯೆಗೆ ಶರಣು’ ಎಂದು ಶೀರ್ಷಿಕೆ ಕೊಡುತ್ತವೆ. ವಚನಕಾರರಿಂದ ಬಂದ, ಒಬ್ಬರಿಗೊಬ್ಬರು ಕೈಮುಗಿಯುವಾಗ ಬಳಸುವ ಪದವನ್ನು ಈ ಸಾವಿನ ಮುಂದೆ ಇಡುವುದು ಸರಿಯೇ? ‘ಹತ್ಯೆ’ ಎಂಬುದರಲ್ಲಿಯೇ ಅಪರಾಧದ ನೆರಳಿದೆ. ಪ್ರಯತ್ನಿಸಿ ಬದುಕುಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳಿದ ಮೇಲೂ ನಮ್ಮ ನುಡಿ ಬದಲಾಗಿಲ್ಲ. ನನಗೆ ಬೇರೆ ಒಳ್ಳೆಯ ಪದ ಸಿಗದ್ದರಿಂದ ಈ ಉಪನ್ಯಾಸದಲ್ಲಿ ಆತ್ಮಹತ್ಯೆ ಎಂದೇ ಬಳಸುತ್ತಿದ್ದೇನೆ. ಆದರೆ ಮನೆಗಳಲ್ಲಿ ಕುಳಿತಾಗ ‘ಜೀವ ಬೇಡ ಅನ್ನಿಸಿದೆಯಾ’ ಎನ್ನುತ್ತೇನೆ. ಆ ಮಾತಿಗೆ ಜನ ತಲೆ ಎತ್ತುತ್ತಾರೆ.

ಸಂಸ್ಕೃತಿ, ಭಾಷೆ, ನೆಲ ಎಂದು ಇಷ್ಟು ಹೇಳುತ್ತಿರುವುದು ಭಾವುಕತೆಯಿಂದಲ್ಲ. ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟೊಫರ್ ಲಾಲೋಂಡ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸುಮಾರು ಇನ್ನೂರು ಫಸ್ಟ್ ನೇಷನ್ಸ್ ಸಮುದಾಯಗಳ ಅಂಕಿಗಳನ್ನು ಪ್ರಕಟಿಸಿದರು. ಮೂಲನಿವಾಸಿಗಳಲ್ಲಿ ಯುವಜನರ ಆತ್ಮಹತ್ಯೆ ಹೆಚ್ಚು ಎಂಬ ಸರಾಸರಿ ಮಾತು ಅಲ್ಲಿ ಒಡೆದುಹೋಯಿತು. ಅರ್ಧಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಆ ವರ್ಷಗಳಲ್ಲಿ ಒಬ್ಬ ಯುವಕನೂ ಹೀಗೆ ಸತ್ತಿರಲಿಲ್ಲ, ಸಾವುಗಳಲ್ಲಿ ಹೆಚ್ಚಿನವು ಕೆಲವೇ ಸಮುದಾಯಗಳಲ್ಲಿ ಗುಂಪುಗೂಡಿದ್ದವು. ಸ್ವಂತ ಆಡಳಿತ, ನೆಲದ ಹಕ್ಕಿನ ಹೋರಾಟ, ಶಾಲೆ ಮತ್ತು ಆರೋಗ್ಯ ಸೇವೆಗಳ ಮೇಲೆ ತಮ್ಮದೇ ಹಿಡಿತ, ಸಾಂಸ್ಕೃತಿಕ ಚಟುವಟಿಕೆಗೆ ಒಂದು ಕಟ್ಟಡ, ಇಂಥವು ಎಷ್ಟೆಷ್ಟು ಹೆಚ್ಚಿದ್ದವೋ ಅಷ್ಟಷ್ಟು ಸಾವು ಕಡಿಮೆಯಿತ್ತು. 2007ರಲ್ಲಿ ಅದೇ ತಂಡ, ಅರ್ಧದಷ್ಟು ಜನರಾದರೂ ತಮ್ಮ ಭಾಷೆಯಲ್ಲಿ ಸಂಭಾಷಿಸಬಲ್ಲ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆ ತೀರ ಕಡಿಮೆ ಅಥವಾ ಇಲ್ಲವೇ ಇಲ್ಲ ಎಂದು ತೋರಿಸಿತು. ಭಾಷೆ ಉಳಿದದ್ದರಿಂದಲೇ ಸಾವು ತಗ್ಗಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ತಮ್ಮ ಬದುಕಿನ ಮೇಲೆ ತಮಗೆ ಹಿಡಿತವಿರುವ ಸಮುದಾಯದಲ್ಲಿ ಎರಡೂ ಒಟ್ಟಿಗೆ ಸಾಧ್ಯವಾಗಿರಬಹುದು.

ಸಂಸ್ಕೃತಿಯೊಂದೇ ಔಷಧ ಎಂದು ಹೇಳಿ ಸರ್ಕಾರದ ಹೊಣೆಯನ್ನು ಹಗುರ ಮಾಡುವವರ ಜೊತೆ ನಾನಿಲ್ಲ. ಹನ್ನೆರಡು ಜನ ಮಲಗುವ ಎರಡು ಕೋಣೆಯ ಮನೆ, ನೂರಾರು ಕಿಲೋಮೀಟರ್ ದೂರದ ಮನೋವೈದ್ಯರು, ಕುಡಿತ, ಕೆಲಸವಿಲ್ಲದ ದಿನಗಳು, ಇವುಗಳಿಗೆ ಹಾಡು ಕುಣಿತಗಳು ಪರಿಹಾರವಲ್ಲ. ತೀವ್ರ ಖಿನ್ನತೆಗೆ ಔಷಧಿ ಬೇಕಾದವರಿಗೆ ಔಷಧಿಯೇ ಬೇಕು. ಹಾಗೆಯೇ, ತರಬೇತಿ ಪಡೆದವರ ಆರೈಕೆ ಯಾರು ಮಾಡುತ್ತಾರೆ ಎಂಬ ಪ್ರಶ್ನೆಗೆ ಹೆಚ್ಚಿನ ಯೋಜನೆಗಳಲ್ಲಿ ಉತ್ತರವಿಲ್ಲ. ನಗರದಿಂದ ಬಂದ ತರಬೇತುದಾರರು ಶುಕ್ರವಾರ ವಿಮಾನ ಹತ್ತುತ್ತಾರೆ. ಶನಿವಾರ ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟುವುದು ಆ ಊರಿನ ಆರೋಗ್ಯ ಕಾರ್ಯಕರ್ತೆಯ ಮನೆಯನ್ನು. ಅವಳು ಉಳಿಸಲು ಹೋಗುವುದು ತನ್ನ ಅಕ್ಕನ ಮಗನನ್ನು. ಅವನು ಉಳಿಯದೆ ಹೋದರೆ ಸೋಮವಾರ ಅವಳೇ ಕೆಲಸಕ್ಕೆ ಬರಬೇಕು. ಅವಳ ಸಂಬಳ, ರಜೆ, ಅವಳು ಅಳಬಹುದಾದ ಒಂದು ಜಾಗ, ಇವನ್ನು ಬರೆಯದ ತರಬೇತಿಯ ಯೋಜನೆಗೆ ನಾನು ಈಗ ಸಹಿ ಹಾಕುವುದಿಲ್ಲ. 2022ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ‘13ಯಾರ್ನ್’ ಎಂಬ ದೂರವಾಣಿ ಸೇವೆಯಲ್ಲಿ ಕರೆ ಸ್ವೀಕರಿಸುವವರೂ ಅಬಾರಿಜಿನಲ್ ಮತ್ತು ಟಾರೆಸ್ ದ್ವೀಪದವರೇ. ಅಲ್ಲಿ ನೆಲೆಸಿರುವ ಕನ್ನಡಿಗ ವೈದ್ಯರು, ಶುಶ್ರೂಷಕರು 13 92 76 ಎಂಬ ಆ ಸಂಖ್ಯೆಯನ್ನು ತಿಳಿದಿರಬೇಕು. ದೂರದ ಊರುಗಳ ಆಸ್ಪತ್ರೆಗಳಲ್ಲಿ ನಮ್ಮವರು ಸಾಕಷ್ಟಿದ್ದಾರೆ.

ಈ ಅನುಭವವನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗದು. ಕರ್ನಾಟಕದ ಜೇನುಕುರುಬರ, ಸೋಲಿಗರ, ಕೊರಗರ ಇತಿಹಾಸ ಬೇರೆ, ಅವರ ಮಾತು ಬೇರೆ. ಆದರೆ ನಾವು ನಿಂತಿರುವ ಜಾಗದ ಬಗ್ಗೆ ಒಂದು ಮಾತು ಹೇಳಬೇಕು. ಆಸ್ಟ್ರೇಲಿಯಾದಲ್ಲಿ ನಾನು ವಲಸೆ ಬಂದವಳು, ಇಂಗ್ಲಿಷ್ ನನಗೂ ಕಲಿತ ಭಾಷೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾಗರಹೊಳೆಯ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬರ ಹಾಡಿಗೆ ಹೋದಾಗ ಆ ಸಮಾಧಾನ ಉಳಿಯಲಿಲ್ಲ. ಅಲ್ಲಿ ಅರಣ್ಯ ಇಲಾಖೆಯ ನೋಟಿಸಿನ ಭಾಷೆ, ಆಶ್ರಮ ಶಾಲೆಯಲ್ಲಿ ಮಗುವಿನ ಮನೆಮಾತನ್ನು ತಿದ್ದುವ ಭಾಷೆ, ಆಸ್ಪತ್ರೆಯಲ್ಲಿ ಏಕವಚನದಲ್ಲಿ ಗದರುವ ಭಾಷೆ, ನಾನು ಪ್ರೀತಿಸುವ ಈ ಕನ್ನಡವೇ.

ಉಪನ್ಯಾಸ ಮುಗಿದ ಮೇಲೆ ಎಚ್.ಡಿ. ಕೋಟೆ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಎದ್ದು, ಮೇಡಂ, ಇದೆಲ್ಲ ಸರಿ, ನಾಳೆ ನಮ್ಮ ಹಾಡಿಯಲ್ಲಿ ಒಬ್ಬ ಹುಡುಗ ಬದುಕು ಸಾಕು ಅಂದರೆ ನಾನು ಏನು ಮಾಡಲಿ ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಅವನನ್ನು ಒಂಟಿಯಾಗಿ ಬಿಡಬೇಡಿ, ಅಪಾಯವಾಗುವಂಥದ್ದೇನಾದರೂ ಕೈಗೆಟಕುವಂತಿದ್ದರೆ ದೂರ ಇಡಿಸಿ. ಪಕ್ಕದಲ್ಲಿ ಕುಳಿತು, ಅವನಿಗೆ ತಿಳಿಯುವ ಮಾತಿನಲ್ಲಿ, ಜೀವ ಬೇಡ ಅನ್ನಿಸಿದೆಯಾ ಎಂದು ಕೇಳಿ, ಆಮೇಲೆ ಸುಮ್ಮನಿದ್ದು ಕೇಳಿ. ಬುದ್ಧಿ ಹೇಳಬೇಡಿ. ಅವನು ಯಾರ ಮಾತಿಗೆ ಕಿವಿಗೊಡುತ್ತಾನೆ ಎಂದು ಅವನನ್ನೇ ವಿಚಾರಿಸಿ, ಅಜ್ಜಿಯೋ ಹಾಡಿಯ ಯಜಮಾನರೋ ಗೆಳೆಯನೋ, ಅವರನ್ನು ಕರೆಸಿ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸೇವೆಯವರು ಹಗಲುರಾತ್ರಿ ಕನ್ನಡದಲ್ಲಿ ಮಾತಾಡುತ್ತಾರೆ, ನಿಮಗೇ ದಾರಿ ತೋಚದಿದ್ದಾಗಲೂ ಮಾಡಬಹುದು. ಆಸ್ಪತ್ರೆಗೆ ಒಯ್ಯಬೇಕಾದರೆ ಅವನ ಜನರಲ್ಲಿ ಒಬ್ಬರು ಜೊತೆಗಿರಲಿ, ವೈದ್ಯರ ಮುಂದೆ ಅವನ ಮಾತನ್ನು ಅವನಿಗೇ ಆಡಲು ಬಿಡಿ. ಮರುದಿನ ಬೆಳಿಗ್ಗೆ ರಿಜಿಸ್ಟರ್ ಹಿಡಿದುಕೊಳ್ಳದೆ ಮತ್ತೆ ಆ ಮನೆಗೆ ಹೋಗಿ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಹಾಡಿಯ ಯಜಮಾನರಿಗೂ ನಮಗೂ ಒಟ್ಟಿಗೆ ಕೂರಿಸಿ ಇದನ್ನು ಹೇಳಿಕೊಡಲು ಬರುತ್ತೀರಾ ಎಂದರು. ಯಜಮಾನರು ಕರೆದರೆ ಬರುತ್ತೇನೆ ಎಂದೆ. ಕಳೆದ ವಾರ ಅವರಿಂದ ಕರೆ ಬಂದಿದೆ. ಹಬ್ಬ ಮುಗಿದ ಮೇಲೆ ಬನ್ನಿ, ದಿನ ನಾವು ಹೇಳುತ್ತೇವೆ ಎಂದಿದ್ದಾರೆ.